ಮಷೀನಿಗೆ ಹೇಳಿದ ಮಾತು

ಪೇಟೆಯ ಜನ ಅವರಿಬ್ಬರಿಗೆ ದೊಡ್ಡರಟ್ಟು, ಸಣ್ಣರಟ್ಟು ಎಂದು ಹೆಸರಿಟ್ಟಿದ್ದರು. ಅಣ್ಣ ದೊಡ್ಡರಟ್ಟು, ತಮ್ಮ ಸಣ್ಣರಟ್ಟು. ಕೋರ್ಟಿನ ಹಿಂಬದಿಯ ಬೀದಿಯಲ್ಲಿ ಅವರದು ಪುಸ್ತಕಗಳಿಗೆ ಬೈಂಡು ಹಾಕುವ ಅಂಗಡಿ. ಅಂಗಡಿ ಎಂದರೆ ದೊಡ್ಡದೇನಲ್ಲ. ಕೂತಲ್ಲಿಂದ ಸ್ವಲ್ಪ ಮೈ ಮುರಿದರೆ ಮೊಣಕೈಗೆ ಗೋಡೆ ತಾಗುವಷ್ಟು ಜಾಗ. ಒಂದು ಕಡೆ ಅಣ್ಣನ ಹೊಲಿಗೆಯ ಚೌಕಟ್ಟು, ಮೇಣ ಸವರಿದ ದಾರ, ಅಂಟಿನ ಡಬ್ಬಿ. ಇನ್ನೊಂದು ಕಡೆ ತಮ್ಮನ ಕಟಿಂಗ್ ಮಷೀನು. ವಕೀಲರ ಮನೆಗಳಿಂದ ಹರಿದು ಜೋಲುತ್ತ ಬಂದ ತೀರ್ಪಿನ ಸಂಪುಟಗಳು ಇಲ್ಲಿ ಹೊಸ ರಟ್ಟು ತೊಟ್ಟು, ಬೆನ್ನಿಗೆ ಬಂಗಾರದ ಅಕ್ಷರ ಹೊತ್ತು, ಮದುವೆಗೆ ಹೊರಟವರ ಹಾಗೆ ಹಿಂದಿರುಗುತ್ತಿದ್ದವು. ಒಳಗೇನಿದೆ ಎಂದು ಅಣ್ಣತಮ್ಮ ಇಬ್ಬರೂ ಎಂದೂ ಓದಿದವರಲ್ಲ. ಪುಟಗಳು ಸರಿಯಾಗಿ ಒಂದರ ಹಿಂದೊಂದು ಕೂತರೆ ಸಾಕು, ನ್ಯಾಯ ಅನ್ಯಾಯ ಅವರ ಉಸಾಬರಿಯಲ್ಲ.

ಆ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಅದಕ್ಕೆ ಕಾರಣ ಅಪ್ಪನ ಪದ್ಯದ ಪುಸ್ತಕ. ಸಂಜೆ ಕೆಲಸ ಮುಗಿದ ಮೇಲೆ ಅಪ್ಪ ಅದನ್ನು ತೊಡೆಯ ಮೇಲೆ ತೆರೆದು ರಾಗವಾಗಿ ಓದುತ್ತಿದ್ದರು. ಎಲ್ಲಿ ಉಸಿರು ತಡೆಯಬೇಕು, ಎಲ್ಲಿ ದನಿ ಏರಬೇಕು, ಎಲ್ಲಿ ಒಂದು ಗಳಿಗೆ ಸುಮ್ಮನಾಗಬೇಕು ಎಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದರು. ಎದುರಿಗೆ ಕೂತ ತಮ್ಮ ತೂಕಡಿಸುತ್ತಿದ್ದ. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. "ದೇವರು ಇವನಿಗೆ ಕೇಳೋ ಕಿವಿ ಕೊಟ್ಟಿದ್ದಾನೆ" ಎಂದು ಬಂದವರೆದುರು ಅಪ್ಪ ಹೊಗಳಿದರೆ ಅಣ್ಣ ಆ ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದ. ಅಪ್ಪ ಹೋದ ಮೇಲೆ ಪುಸ್ತಕದ ಹೊಲಿಗೆ ಬಿಟ್ಟುಹೋಯಿತು. ಅಣ್ಣ ಅದನ್ನು ಹೊಸದಾಗಿ ಹೊಲಿದ. ತಮ್ಮ ಅಂಚು ಸಮ ಮಾಡಲು ಮಷೀನಿಗೆ ಕೊಟ್ಟ. ಅಂಚು ಕನ್ನಡಿಯಂತೆ ನುಣುಪಾಯಿತು. ಅಪ್ಪನ ಗುರುತುಗಳೆಲ್ಲ ಎಳೆಎಳೆಯಾಗಿ ಕೆಳಗಿನ ಕಸದ ಬುಟ್ಟಿಗೆ ಬಿದ್ದವು.

ಅಂಗಡಿಯಲ್ಲಿ ಆಗ ಗಿರಾಕಿಗಳಿದ್ದರು. ಅಣ್ಣನ ನಾಲಿಗೆ ಅವನ ಹತೋಟಿ ತಪ್ಪಿತು. "ಮೇಕೆ ಮುಂದೆ ಇಟ್ಟಿದ್ರೂ ಇಷ್ಟು ತಿಂತಿರ್ಲಿಲ್ಲ!" ಎಂದ. ಗಿರಾಕಿಗಳು ಗೊಳ್ಳೆಂದು ನಕ್ಕರು. ತಮ್ಮನ ಮುಖ ಬಿಳುಚಿತು. ಹಿಡಿಕೆಯ ಮೇಲಿದ್ದ ಕೈ ತೆಗೆದು, "ಹಾಗಾದ್ರೆ ಇನ್ಮೇಲೆ ಮೇಕೆ ಹತ್ರನೇ ಮಾತಾಡು" ಎಂದ. ಇಬ್ಬರ ನಡುವೆ ನೇರವಾಗಿ ಆದ ಕೊನೆಯ ಮಾತು ಅದೇ.

ಮಾತು ನಿಂತಿತೆಂದು ಹೊಟ್ಟೆಪಾಡು ನಿಲ್ಲುತ್ತದೆಯೇ? ಹೇಳಲೇಬೇಕಾದದ್ದನ್ನು ಇಬ್ಬರೂ ಮಷೀನಿಗೆ ಹೇಳತೊಡಗಿದರು. "ಅಂಟು ಮುಗೀತು ಕಣಪ್ಪಾ" ಎಂದು ತಮ್ಮ ಮಷೀನಿನ ಹಿಡಿಕೆ ತಟ್ಟುವನು. ಮರುದಿನ ಅಣ್ಣ ಅಂಟು ತರುವನು. "ಮಧ್ಯಾಹ್ನ ನಾನಿರಲ್ಲ, ಯಾರಾದ್ರೂ ಬಾಗಿಲು ನೋಡ್ಕೊಳ್ಳಲಿ" ಎಂದು ಅಣ್ಣ ಮಷೀನಿನ ಕಡೆ ತಿರುಗಿ ಗೊಣಗುವನು. ತಮ್ಮ ಊಟಕ್ಕೆ ಹೋಗದೆ ಕಾಯುವನು. ಬೀದಿಯಲ್ಲಿ ಟೀ ಮಾರುವವಳು ಬಂದಾಗಲೆಲ್ಲ, "ನಿಮ್ಮ ಯಜಮಾನರಿಗೆ ಸಕ್ಕರೆ ಎಷ್ಟು ಹಾಕ್ಲಿ?" ಎಂದು ಮಷೀನಿನತ್ತ ಕಣ್ಣು ಹೊಡೆಯುತ್ತಿದ್ದಳು. ನೋಡುವವರಿಗೆ ತಮಾಷೆ. ಅವರಿಗೆ ಅದು ಅಭ್ಯಾಸವಾಗಿ, ಅಭ್ಯಾಸವೇ ಸಂಸಾರವಾಗಿ ಹೋಗಿತ್ತು.

ಹೀಗಿರುವಾಗ ಕಟ್ಟಡದ ಮಾಲೀಕ ಅಂಗಡಿ ಬಿಡಿಸಲು ದಾವೆ ಹೂಡಿದ. ಕೆಳಗಿನ ಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು. ಅಣ್ಣತಮ್ಮಂದಿರ ವಕೀಲಮ್ಮ ಧೈರ್ಯಗೆಡಲಿಲ್ಲ. ಅವರ ಕಪಾಟಿನ ಪುಸ್ತಕಗಳೆಲ್ಲ ಈ ಅಂಗಡಿಯಲ್ಲೇ ಬೈಂಡಾದವು. "ಮೇಲಿನ ಕೋರ್ಟಿಗೆ ಅಪೀಲು ಹಾಕೋಣ, ನಮ್ಮ ಪಾಯಿಂಟು ಗಟ್ಟಿ ಇದೆ. ತೀರ್ಪಿನ ಪ್ರತಿ ಸಿಕ್ಕಿದ ಕೂಡ್ಲೇ ಅಂಗಡಿಗೆ ಫೋನ್ ಮಾಡ್ತೀನಿ. ಬಾಡಿಗೆ ಕರಾರು ಇಬ್ಬರ ಹೆಸರಲ್ಲೂ ಇರೋದ್ರಿಂದ ಇಬ್ಬರೂ ಬಂದು ಸಹಿ ಹಾಕ್ಬೇಕು" ಎಂದರು.

ಫೋನು ಬಂದಾಗ ಎತ್ತಿದವನು ತಮ್ಮ. ಕೇಳಿಸಿಕೊಂಡು, ಇಟ್ಟು, ಮಷೀನಿನ ಮೋಟರು ಆರಿಸಿದ. ಅಂಗಡಿ ನಿಶ್ಶಬ್ದವಾಯಿತು. ಅಣ್ಣ ಬೆನ್ನು ಹಾಕಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ.

"ವಕೀಲಮ್ಮ ಫೋನ್ ಮಾಡಿದ್ರು ಕಣಪ್ಪಾ" ಎಂದ ತಮ್ಮ, ಮಷೀನಿಗೆ. "ಅಪೀಲಿಗೆ ಇಬ್ಬರದೂ ಸಹಿ ಬೇಕಂತೆ. ತಿಂಗಳ ಕೊನೆ ದಾಟಿದ್ರೆ ಬಾಗಿಲು ಮುಚ್ಚಿದ ಹಾಗಂತೆ. ಯಾರ್‍ಯಾರಿಗೆ ಹೇಳ್ಬೇಕೋ ಹೇಳಿದ್ದೀನಿ."

ದಾರ ಸೂಜಿಯ ಕಣ್ಣಿಗೆ ಹೋಯಿತು. ಅಣ್ಣ ತಲೆ ಎತ್ತಲಿಲ್ಲ.

ಮಾತಿನ ಒಂದೊಂದು ಅಕ್ಷರವೂ ಅವನಿಗೆ ಕೇಳಿಸಿತ್ತು. ಅಂಟಿನ ಮಾತಾದರೆ ಮಷೀನಿನ ಮೂಲಕ ಬರಲಿ, ದಾರದ ಮಾತಾದರೂ ಬರಲಿ. ಆದರೆ ಇದು ಅಪ್ಪ ಕೂತ ಜಾಗದ ಮಾತು. ಇದಕ್ಕಾದರೂ ಒಂದು ಸಲ "ಅಣ್ಣಾ" ಎಂದು ಕರೆಯಬಾರದೇ? ಕರೆಯಲಿ, ಆ ಕ್ಷಣ ಎದ್ದು ಹೋಗುತ್ತೇನೆ ಎಂದುಕೊಂಡ. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಕೀಲಮ್ಮನ ಮೆಟ್ಟಿಲವರೆಗೆ ಹೋದದ್ದೂ ಉಂಟು. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇವತ್ತು ಹತ್ತಿದರೆ ಅವನು ಇನ್ನು ಜನ್ಮದಲ್ಲಿ ಕರೆಯುವುದಿಲ್ಲ ಎನ್ನಿಸಿ, ಕಾಲು ಹಿಂತೆಗೆದುಕೊಂಡ. ಗಡುವು ಹತ್ತಿರವಾದಂತೆ ಅವನೇ ಬಗ್ಗುತ್ತಾನೆ ಎಂದು ಕಾದ. ತಮ್ಮನೋ, ಆ ಇಸ್ತ್ರಿಯ ಅಂಗಿಯನ್ನು ನೋಡಿ ಅಣ್ಣ ಹೋಗಿ ಸಹಿ ಹಾಕಿ ಬಂದನೆಂದು ನೆಮ್ಮದಿಯಾಗಿದ್ದ. ಅವನು ತನ್ನ ಸಹಿಯನ್ನು ಆಗಲೇ ಹಾಕಿ, "ಅಣ್ಣ ಬಂದು ಹೋಗ್ತಾರೆ" ಎಂದು ಹೇಳಿ ಬಂದಿದ್ದ. ವಕೀಲಮ್ಮ ಬೇರೆ ಕೇಸುಗಳ ನಡುವೆ ಮರೆತರು.

ಮಾಲೀಕನ ಕಡೆಯವರು ಅಂಗಡಿ ಖಾಲಿ ಮಾಡಿ ಎಂದು ಬಾಗಿಲಲ್ಲಿ ನಿಂತ ದಿನ ಎಲ್ಲವೂ ಬಯಲಾಯಿತು. ಗಡುವು ಎಂದೋ ಕಳೆದುಹೋಗಿತ್ತು.

ವಕೀಲಮ್ಮನ ಕೋಣೆಯಲ್ಲಿ ಅಣ್ಣತಮ್ಮ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು. ಗೋಡೆಯುದ್ದಕ್ಕೂ ಅವರೇ ಕಟ್ಟಿದ ಸಂಪುಟಗಳು ಬೆನ್ನು ತೋರಿಸಿ ನಿಂತಿದ್ದವು.

"ನಾನೂ ಒಂದು ಸಲ ನೋಡ್ಬೇಕಿತ್ತು, ಇಲ್ಲ ಅನ್ನಲ್ಲ" ಎಂದರು ವಕೀಲಮ್ಮ. "ಈಗ ಇರೋದು ಒಂದೇ ದಾರಿ. ತಡವಾದದ್ದನ್ನ ಮನ್ನಿಸಿ ಅಂತ ಅರ್ಜಿ ಹಾಕೋದು. ಅದಕ್ಕೆ ಸಾಕಷ್ಟು ಕಾರಣ ಇರ್ಬೇಕು. ಕಾಯಿಲೆ, ಸಾವು, ವಿಷಯವೇ ಗೊತ್ತಾಗದೆ ಇದ್ದದ್ದು... ಹೇಳಿ, ನೀವ್ಯಾಕೆ ಬರ್ಲಿಲ್ಲ? ನಿಮ್ಮ ತಮ್ಮ ಹೇಳ್ಲಿಲ್ವಾ?"

ತಮ್ಮ ಅಣ್ಣನತ್ತ ನೋಡಿದ. ಎಷ್ಟೋ ಕಾಲದ ಮೇಲೆ ನೇರವಾಗಿ, ಗಾಬರಿಯಲ್ಲಿ ನೋಡಿದ. ಆ ನೋಟದೆದುರು ಅಣ್ಣನ ಬಾಯಿಂದ ನಿಜ ಹೊರಡಲಿಲ್ಲ.

"ಮಷೀನಿನ ಸದ್ದು ನೋಡಿ" ಎಂದ. "ಕಿವಿನೂ ಈಚೆಗೆ ಸ್ವಲ್ಪ ಮಂದ. ನನಗೆ ಕೇಳಿಸ್ಲೇ ಇಲ್ಲ."

ವಕೀಲಮ್ಮನ ಮುಖ ಅರಳಿತು. "ಹಾಗೆ ಹೇಳಿ ಮತ್ತೆ! ಇದು ಕಾರಣ." ಪೆನ್ನು ಓಡತೊಡಗಿತು. ಬೆಂಚಿನ ಆ ತುದಿಯಲ್ಲಿ ತಮ್ಮ ತಲೆ ತಗ್ಗಿಸಿದ. ಮೋಟರು ಆರಿಸಿದ್ದು ಅವನಿಗೆ ಮರೆತೇಹೋಗಿರಬೇಕು. ಇಲ್ಲವೇ ತನ್ನ ನೆನಪಿಗಿಂತ ಅಣ್ಣನ ಮಾತನ್ನು ಹೆಚ್ಚು ನಂಬಿದನೋ. ತಪ್ಪು ತನ್ನದೇ ಎಂದು ಪ್ರಮಾಣಪತ್ರಕ್ಕೆ ಅವನು ಅಲ್ಲೇ ಸಹಿ ಹಾಕಿದ.

ಮನೆಯಲ್ಲಿ ಅರ್ಜಿಯ ಪ್ರತಿಯನ್ನು ಓದಿದ ಅಣ್ಣನ ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮಗೆ ಕಿವಿ ಮಂದ ಆಗಿದ್ದು ಯಾವಾಗ್ರೀ? ನಾನು ಅಡಿಗೆಮನೇಲಿ ಗೊಣಗಿದ್ರೆ ಬೀದಿ ತುದೀಲಿ ನಿಂತು ಜವಾಬು ಕೊಡ್ತೀರ."

"ಅಂಗಡಿಯ ಸದ್ದೇ ಬೇರೆ."

"ಸದ್ದು ಬೇರೆ, ಕಿವಿ ಅದೇ ಅಲ್ವಾ?" ಎಂದಳು. ಅವಳು ಕಾಗದ ಮಡಚಿ ಅವನ ಕೈಗಿಟ್ಟು, "ಮೈದುನ ಒಳ್ಳೇವ್ನು. ಅದಕ್ಕೇ ಅವ್ನ ಹೆಗಲ ಮೇಲೆ ಎಲ್ಲಾ ಕೂತ್ಕೊಳ್ಳುತ್ತೆ" ಎಂದು ಒಲೆಯ ಕಡೆ ತಿರುಗಿದಳು.

ಆ ದಿನದಿಂದ ಬೆಳಗಿನ ಪ್ರಾರ್ಥನೆಗೆ ಕೂತರೆ ಅಣ್ಣನಿಗೆ ಮಾತು ಕೂಡಿಬರಲಿಲ್ಲ. ಬಾಯಿಪಾಠದ ಸಾಲುಗಳು ನಡುವೆ ತಪ್ಪಿ ಬೇರೆಲ್ಲೋ ಸೇರಿಕೊಳ್ಳುತ್ತಿದ್ದವು. ನನ್ನ ಮಾತು ಕೇಳು ಎಂದು ಯಾವ ಮುಖದಿಂದ ಬೇಡುವುದು ಎನ್ನಿಸಿ ಅರ್ಧಕ್ಕೇ ಎದ್ದುಬಿಡುತ್ತಿದ್ದ.

ಅರ್ಜಿಯ ವಿಚಾರಣೆಯ ದಿನ ಕೋರ್ಟಿನ ಕೋಣೆ ಕಿಕ್ಕಿರಿದಿತ್ತು. ಬೇರೆ ಕೇಸಿಗೆ ಬಂದವರೂ ಕಾಲಕ್ಷೇಪಕ್ಕೆಂದು ಕೂತಿದ್ದರು. ಮೊದಲು ತಮ್ಮನನ್ನು ಕಟಕಟೆಗೆ ಕರೆದರು. ಮಾಲೀಕನ ವಕೀಲ ದಪ್ಪ ಕನ್ನಡಕದವನು. ಕನ್ನಡಕ ಒರೆಸುತ್ತ ಸಾವಧಾನವಾಗಿ ಶುರು ಮಾಡಿದ.

"ಸಹಿಯ ವಿಷಯ ನಿಮ್ಮ ಅಣ್ಣನಿಗೆ ಹೇಳಿದ್ರಾ?"

"ಹೇಳ್ದೆ ಸ್ವಾಮಿ."

"ಹೇಗೆ ಹೇಳಿದ್ರಿ?"

ತಮ್ಮ ಕಟಕಟೆಯ ಮರವನ್ನು ಉಗುರಿನಿಂದ ಕೆರೆದ. "ಮಷೀನಿಗೆ ಹೇಳ್ದೆ."

ಕೋಣೆಯಲ್ಲಿ ಒಂದು ನಗು ಹಿಂದಿನ ಸಾಲಿನಿಂದ ಹೊರಟು ಮುಂದಿನ ಸಾಲಿಗೆ ಬಂತು.

"ಮಷೀನು ಏನಂತು?"

ನಗು ಇನ್ನೂ ಜೋರಾಯಿತು. ನ್ಯಾಯಾಧೀಶರು ಮೇಜು ಕುಟ್ಟಿದರು. ಬೆಂಚಿನ ಮೇಲೆ ಕೂತ ಅಣ್ಣನಿಗೆ ಮೈಯೆಲ್ಲ ಮುಳ್ಳೆದ್ದಿತು. ಮೇಕೆಯ ಮಾತಿಗೆ ಗಿರಾಕಿಗಳು ನಕ್ಕಾಗ ತಮ್ಮನಿಗೆ ಹೇಗಾಗಿರಬಹುದು ಎಂಬುದು ಅವನಿಗೆ ಮೊದಲ ಸಲ ಅರಿವಿಗೆ ಬಂತು.

"ಅಂದ್ರೆ ಅಣ್ಣನ ಪಕ್ಕದಲ್ಲೇ ಕೂತು, ಅಣ್ಣನಿಗೆ ಹೇಳದೆ, ಕಬ್ಬಿಣಕ್ಕೆ ಹೇಳಿದ್ರಿ" ಎಂದ ಕನ್ನಡಕದ ವಕೀಲ. "ನಾನು ಹೇಳ್ತೀನಿ ಕೇಳಿ. ನಿಮ್ಮಣ್ಣನಿಗೆ ಎಲ್ಲಾ ಕೇಳಿಸಿತ್ತು. ಬೇಕು ಅಂತಲೇ ಬರ್ಲಿಲ್ಲ. ಹೌದೋ ಅಲ್ವೋ?"

"ಅಲ್ಲ ಸ್ವಾಮಿ!" ತಮ್ಮನ ದನಿ ಏರಿತು. "ಅವರಿಗೆ ಕೇಳಿಸಿದ್ರೆ ಬರದೆ ಇರ್ತಿರ್ಲಿಲ್ಲ. ನಮ್ಮಣ್ಣ ಅಂಥವರಲ್ಲ. ನಾನು ಹತ್ತಿರ ಹೋಗಿ ಹೇಳ್ಬೇಕಿತ್ತು. ಹಟ ಮಾಡ್ದೆ. ತಪ್ಪು ನಂದು."

ನಮ್ಮಣ್ಣ. ಮೆಟ್ಟಿಲಿನಿಂದ ಕಾಲು ಹಿಂತೆಗೆದು, ಗಡುವು ಕಳೆಯುವವರೆಗೆ ಯಾವ ಮಾತಿಗೆ ಕಿವಿಗೊಟ್ಟು ಕಾದಿದ್ದನೋ ಆ ಮಾತು, ಪರರ ಮುಂದೆ, ಅವನ ಮಾನ ಕಾಯುವುದಕ್ಕಾಗಿ ಬಂದಿತ್ತು. ಅಣ್ಣನಿಗೆ ಎದೆ ತುಂಬಿ ಬರಬೇಕಿತ್ತು. ಬಂದದ್ದು ನಾಚಿಕೆ. ಇನ್ನೊಂದು ಮಾತು ಅವನು ಹೀಗೆ ಹೊಗಳಿದರೆ ನೆಲ ಬಾಯಿಬಿಡಲಿ ಎನ್ನಿಸಿತು.

ಅವನು ಎದ್ದು ನಿಂತ.

"ಕೂತ್ಕೊಳ್ಳಿ" ಎಂದು ವಕೀಲಮ್ಮ ಅಂಗಿ ಎಳೆದರು. "ನಿಮ್ಮ ಸರದಿ ಇನ್ನೂ ಬಂದಿಲ್ಲ. ಎಲ್ಲಾ ಚೆನ್ನಾಗೇ ಹೋಗ್ತಿದೆ."

"ಅದಕ್ಕೇ ಅಮ್ಮಾ" ಎಂದ ಅಣ್ಣ. ನ್ಯಾಯಾಧೀಶರ ಕಡೆ ತಿರುಗಿ ಕೈ ಮುಗಿದ. "ಸ್ವಾಮಿ, ಅವನು ಹೇಳೋದು ಸುಳ್ಳು. ಅದು ಸುಳ್ಳು ಅಂತ ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ಮಷೀನು ಆರಿಸಿದ್ದ. ನನಗೆ ಕೇಳಿಸಿತ್ತು."

ನ್ಯಾಯಾಧೀಶರು ಅವನನ್ನೂ ಕಟಕಟೆಗೆ ಕರೆದು ಪ್ರಮಾಣ ಮಾಡಿಸಿದರು. ತಮ್ಮ ಕೆಳಗಿಳಿದು ಗೋಡೆಗೊರಗಿ ನಿಂತ.

"ಕೇಳಿಸಿತ್ತು ಅಂದ್ರಿ. ಹಾಗಾದ್ರೆ ಅರ್ಜೀಲಿ ಕೇಳಿಸಲಿಲ್ಲ ಅಂತ ಯಾಕೆ ಬರೆಸಿದ್ರಿ?" ಎಂದು ಅವರೇ ಕೇಳಿದರು.

"ನಾಚಿಕೆಯಾಯ್ತು ಸ್ವಾಮಿ."

"ಕೇಳಿಸಿದ ಮೇಲೂ ಯಾಕೆ ಸಹಿ ಹಾಕಲಿಲ್ಲ?"

ಅಣ್ಣ ಬಾಯಿ ತೆರೆದ. ಎಷ್ಟೋ ರಾತ್ರಿ ಮನಸ್ಸಿನಲ್ಲಿ ಜೋಡಿಸಿಟ್ಟ ಸಮಜಾಯಿಷಿಗಳು ಒಂದೂ ಕೈಗೆ ಸಿಗಲಿಲ್ಲ. "ಕೇಳಿಸಿತ್ತು. ನಾನು ಕೇಳ್ಲಿಲ್ಲ" ಎಂದ.

ಟೈಪು ಮಾಡುತ್ತಿದ್ದ ಹೆಂಗಸು ಬೆರಳು ನಿಲ್ಲಿಸಿದಳು. ಅವಳಿಗೆ ನಿಜವಾಗಿಯೂ ಗೊಂದಲವಾಗಿತ್ತು. "ಸ್ವಾಮಿ, ಕೇಳಿಸ್ತು ಅಂತ ಹೊಡೀಲಾ, ಕೇಳ್ಲಿಲ್ಲ ಅಂತ ಹೊಡೀಲಾ?"

"ಎರಡನ್ನೂ ಹೊಡಿ" ಎಂದರು ನ್ಯಾಯಾಧೀಶರು. ಯಾರೂ ನಗಲಿಲ್ಲ. ನಕ್ಕಿದ್ದರೆ ಅಣ್ಣನಿಗೆ ಹಗುರಾಗುತ್ತಿತ್ತು.

ಊಟದ ವಿರಾಮ ಕಳೆದ ಮೇಲೆ ಆದೇಶ ಬಂತು. ನ್ಯಾಯಾಧೀಶರು ಓದುವ ಬದಲು ಹೇಳಿದರು, ಇಬ್ಬರಿಗೂ ತಿಳಿಯುವಂತೆ, ನಿಧಾನವಾಗಿ. ಕಿರಿಯವನ ಸಹಿ ಗಡುವಿನೊಳಗೇ ವಕೀಲರ ಬಳಿ ಇತ್ತು. ಹೇಳಬೇಕಾದವರಿಗೆ ಹೇಳಿದ್ದ, ಹೇಳಿದ ರೀತಿ ವಿಚಿತ್ರ, ಆದರೆ ಆ ಅಂಗಡಿಯಲ್ಲಿ ಎಲ್ಲ ಕೆಲಸವೂ ಅದೇ ರೀತಿಯಲ್ಲಿ ನಡೆದಿದೆ, ಹಾಗಾಗಿ ತಲುಪಿತೆಂದು ನಂಬಿದ್ದು ತಪ್ಪಲ್ಲ. ಅವನ ಮಟ್ಟಿಗೆ ತಡವನ್ನು ಮನ್ನಿಸಲಾಗಿದೆ, ಅವನ ಅಪೀಲು ನಡೆಯಲಿ, ಅದು ಮುಗಿಯುವವರೆಗೆ ಅಂಗಡಿ ಬಿಡಿಸುವಂತಿಲ್ಲ. ಹಿರಿಯವನ ಮಾತು ಬೇರೆ. "ತಿಳಿಯದೆ ತಡವಾದವರಿಗೆ ಕೋರ್ಟು ಕಾಯಬಹುದು. ತಿಳಿದೂ ಕೂತವರಿಗೆ ಕಾಯೋದು ಹೇಗೆ? ಇವತ್ತು ನಿಜ ಹೇಳಿದ್ರಿ, ಒಳ್ಳೇದು. ಆದರೆ ನಿಮ್ಮ ನಿಜಾನೇ ನಿಮ್ಮ ಕಾರಣಾನ ತಿಂದು ಹಾಕ್ತು." ಅಪೀಲಿನಿಂದ ಅಣ್ಣನ ಹೆಸರು ತೆಗೆದುಹಾಕಲು ಹೇಳಿದರು. ಅಂದರೆ ಗೆದ್ದರೆ ಅಂಗಡಿ ತಮ್ಮನದು, ತಮ್ಮನೊಬ್ಬನದೇ.

ಹೊರಗೆ ಪಡಸಾಲೆಯಲ್ಲಿ ವಕೀಲಮ್ಮ ಫೈಲು ಎದೆಗವಚಿಕೊಂಡು, "ಅರ್ಧವಾದ್ರೂ ಉಳೀತಲ್ಲ. ನನ್ನ ಸರ್ವಿಸಲ್ಲಿ ಇಂಥದ್ದು ನೋಡಿರ್ಲಿಲ್ಲ" ಎಂದು ಹೊರಟುಹೋದರು. ಅಣ್ಣತಮ್ಮ ಕಂಬದ ಬಳಿ ಉಳಿದರು.

"ಕೇಳಿಸಿತ್ತಾ ನಿನಗೆ?" ಎಂದ ತಮ್ಮ. ನಡುವೆ ಮಷೀನಿರಲಿಲ್ಲ.

"ಕೇಳಿಸಿತ್ತು ಕಣೋ."

"ದೇವರ ಹೆಸರು ಹೇಳಿ ಪ್ರಮಾಣ ಮಾಡಿದ್ದೆ ನಾನು. ನೀನು ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ. ಅಷ್ಟು ಜನರ ಮುಂದೆ ನಮ್ಮಣ್ಣ ಅಂಥವರಲ್ಲ ಅಂತ ನಾನು ಕೂಗ್ದೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಯಾಕೆ ಹೋಗ್ಲಿಲ್ಲ, ಹೇಳು. ಅಪ್ಪನ ಪುಸ್ತಕದ್ದಾ?"

"ಅದಲ್ಲ." ಅಣ್ಣನಿಗೆ ತನ್ನ ದನಿಯೇ ಚಿಕ್ಕ ಹುಡುಗನದರಂತೆ ಕೇಳಿತು. "ಅಣ್ಣಾ ಅಂತ ಒಂದು ಸಲ ಕರೀಲಿ ಅಂತ ಕಾದೆ."

ತಮ್ಮ ಅವನನ್ನೇ ನೋಡಿದ. ಸಿಟ್ಟು ಬರುತ್ತದೆಂದು ಅಣ್ಣ ಕಾದ. ಬೈದರೆ ತಲೆಬಾಗಿ ಕೇಳಲು ಸಿದ್ಧನಾಗಿದ್ದ. ತಮ್ಮ ಬೈಯಲಿಲ್ಲ. "ಇಷ್ಟಕ್ಕಾ?" ಎಂದ, ಅಷ್ಟೆ. ಮೆಟ್ಟಿಲಿಳಿದು ಜನರ ನಡುವೆ ಸೇರಿಹೋದ.

ಅಣ್ಣ ಮನೆಗೆ ಬಂದು ನಡೆದದ್ದನ್ನು ಹೆಂಡತಿಗೆ ಒಂದೂ ಬಿಡದೆ ಹೇಳಿದ. ಕೊನೆಗೆ, "ನಾಳೆ ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದಳು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು.

ಬೆಳಿಗ್ಗೆ ಕಾಲುಗಳು ತಾವಾಗಿಯೇ ಅವನನ್ನು ಅಂಗಡಿಯ ಬೀದಿಗೆ ಎಳೆದವು. ಬಾಗಿಲು ತೆರೆದಿತ್ತು. ತಮ್ಮ ಒಂದು ಕಂತೆ ಹಾಳೆಯನ್ನು ಮಷೀನಿನಲ್ಲಿ ಸರಿಹೊಂದಿಸುತ್ತಿದ್ದ. ಅಣ್ಣನ ಚೌಕಟ್ಟು ಇದ್ದಲ್ಲೇ ಇತ್ತು, ಅರ್ಧ ಹೊಲಿದ ಪುಸ್ತಕ ಅದರಲ್ಲಿ ಹಾಗೇ ನಿಂತಿತ್ತು. ಹೊಸ್ತಿಲವರೆಗೆ ಬಂದ ಅಣ್ಣನಿಗೆ ಅದನ್ನು ದಾಟಲು ಕಾಲು ಬರಲಿಲ್ಲ. ನೆನ್ನೆಯವರೆಗೆ ಇದು ತನ್ನ ಅಂಗಡಿ. ಇವತ್ತು ಕೇಳಿ ಒಳಗೆ ಹೋಗಬೇಕು. ಹೇಗೆ ಕೇಳುವುದೋ ತಿಳಿಯದೆ, ಬೈಂಡಿಗೆ ಪುಸ್ತಕ ತಂದವನ ಹಾಗೆ ಹೊರಗೇ ನಿಂತ. ಟೀ ಮಾರುವವಳು ಒಮ್ಮೆ ನೋಡಿ ಮುಂದೆ ಸಾಗಿದಳು.

"ಮಗು" ಎಂದು ಕರೆದ ಅಣ್ಣ. ತಮ್ಮ ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆ. "ತಪ್ಪಾಯ್ತು. ಮನ್ನಿಸು ಅಂತ ಕೇಳೋಕೆ ಕಾರಣ ಒಂದೂ ಇಲ್ಲ ನನ್ನ ಹತ್ರ. ಬರೀ ಕೈಲಿ ಕೇಳ್ತಿದ್ದೀನಿ. ಕೂಲಿಯವನ ಹಾಗಾದ್ರೂ ಕೂತು ಹೊಲೀತೀನಿ."

ತಮ್ಮ ಮೋಟರು ಆರಿಸಿದ. ಹಾಳೆಯ ಅಂಚಿಗೆ ಮೆತ್ತಿದ ಪುಡಿಯನ್ನು ಅಂಗೈಯಿಂದ ಒರೆಸಿದ. ತಿರುಗಿ ನೋಡಿದ. ಕಣ್ಣು ಕೆಂಪಾಗಿದ್ದವು, ಅವನೂ ನಿದ್ದೆಗೆಟ್ಟಿದ್ದ.

"ಬನ್ನಿ" ಎಂದ. "ಒಳಗೆ ಬಂದು ಕೂತ್ಕೊಳ್ಳಿ."

ಹುಟ್ಟಿದಾಗಿನಿಂದ ಏಕವಚನದಲ್ಲಿ ಜಗಳವಾಡಿದ ತಮ್ಮ. ಬಾರೋ, ಹೋಗೋ, ನೀನು, ನಿಂದು ಎಂದು ಬೈದಾಡಿದ ನಾಲಿಗೆ. ಅದೇ ನಾಲಿಗೆ ಈಗ ಪರಿಚಯವಿಲ್ಲದ ಗಿರಾಕಿಗೆ ಕೊಡುವ ಮರ್ಯಾದೆಯನ್ನು ಅಣ್ಣನಿಗೆ ಕೊಟ್ಟಿತ್ತು. ಅದರಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು.

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. ತಮ್ಮ ತೋರಿಸಿದ ಜಾಗದಲ್ಲಿ ಕೂತ, ತೋರಿಸಿದ ಪುಸ್ತಕ ಎತ್ತಿಕೊಂಡ. ಈ ಸಲ ಬೆನ್ನು ಹಾಕದೆ, ಅವನಿಗೆ ಎದುರಾಗಿ ಕೂತ. ಮುಂದಿನ ಮಾತು ಯಾವಾಗ ಬಂದರೂ ಬರಲಿ, ಯಾವ ವಚನದಲ್ಲಿ ಬಂದರೂ ಬರಲಿ, ಎಂದುಕೊಂಡು ಸೂಜಿ ಹಿಡಿದ.